ಸಂಗೀತ ನಿಂತ ಮೇಲೆ ಗುಂಡು

ಕನ್ನಡ ಸಿನಿಮಾದ ಬಗ್ಗೆ ನಡೆಯುವ ಮಾತುಕತೆಯಲ್ಲಿ ಒಂದು ತೀರ್ಮಾನ ಯಾರ ತಕರಾರೂ ಇಲ್ಲದೆ ಬೇರೂರಿದೆ. ಹಿನ್ನೆಲೆ ಸಂಗೀತ ಇರುವುದೇ ನಾಯಕನನ್ನು ಎತ್ತಿ ಮೆರೆಸಲು. ಅದು ಎಷ್ಟು ಜೋರಾಗಿ ಬಡಿದರೆ ಸಿನಿಮಾ ಅಷ್ಟು ‘ಮಾಸ್’. ಈ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರು ಇಟಲಿಯ ಕೌಬಾಯ್ ಚಿತ್ರಗಳ ನಿರ್ದೇಶಕ ಸೆರ್ಜಿಯೊ ಲಿಯೋನೆ ಮತ್ತು ಸಂಗೀತಗಾರ ಎನ್ನಿಯೊ ಮೊರಿಕೋನೆ. ನಾವು ಅವರ ಶಿಷ್ಯರು. ಅರಸೀಕೆರೆಯ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತ ಹುಡುಗರೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನ ವಿಮರ್ಶಕರೂ ಇದನ್ನೇ ಬರೆಯುತ್ತಾರೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗೋಡೆಯ ಕುದುರೆಸವಾರರ ಸಾಲನ್ನು ಮೊಬೈಲಿನಲ್ಲಿ ಹಿಡಿದು, ಅದರ ಮೇಲೆ ಯಾವುದೋ ಚಿತ್ರದ ಬಿಜಿಎಂ ಹಾಕಿ ರೀಲ್ಸ್ ಬಿಡುವವರು ಕೂಡ ಅದೇ ನಂಬಿಕೆಯಲ್ಲಿದ್ದಾರೆ: ಕುದುರೆ ಕಂಡರೆ ನಗಾರಿ ಬಡಿಯಬೇಕು.

ಈ ತೀರ್ಮಾನ ಬುಡದಿಂದ ತಪ್ಪು. ಇಟಲಿಯ ಆ ಚಿತ್ರಗಳ ಸಂಗೀತ ಕಲಿಸಿದ್ದು ಇದಕ್ಕೆ ನೇರ ವಿರುದ್ಧವಾದ ಪಾಠವನ್ನು. ನಮ್ಮ ಸಿನಿಮಾದವರು ಅಲ್ಲಿಂದ ಶಿಳ್ಳೆ ತಂದರು, ಗಿಟಾರಿನ ಮಿಡಿತ ತಂದರು, ಗಂಡಸರ ಗುಂಪಿನ ಹೂಂಕಾರ ತಂದರು. ಆ ಸಂಗೀತದ ಜೀವವಾಗಿದ್ದ ಮೌನವನ್ನೂ ಕಾಯುವಿಕೆಯನ್ನೂ ಅಲ್ಲೇ ಬಿಟ್ಟು ಬಂದರು. ಗುರುವಿನ ಅಂಗಿ ತೊಟ್ಟ ಮಾತ್ರಕ್ಕೆ ಯಾರೂ ಶಿಷ್ಯರಾಗುವುದಿಲ್ಲ.

ಮೊದಲು ಅಲ್ಲಿ ನಿಜವಾಗಿ ನಡೆದದ್ದೇನು ನೋಡೋಣ. 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತಯಾರಾದಾಗ ಅದು ಕೈಯಲ್ಲಿ ಕಾಸಿಲ್ಲದ ಚಿತ್ರ. ಅಮೆರಿಕದ ಮರುಭೂಮಿಯ ಬದಲು ಸ್ಪೇನಿನ ಅಲ್ಮೆರಿಯಾದ ಒಣನೆಲ. ಬಾಲ್ಯದಲ್ಲಿ ರೋಮಿನ ಒಂದೇ ಶಾಲೆಯಲ್ಲಿ ಓದಿದ್ದ ನಿರ್ದೇಶಕ ಮತ್ತು ಸಂಗೀತಗಾರ. ಮೊರಿಕೋನೆ ತುತ್ತೂರಿ ಕಲಿತವರು, ಸಾಂತಾ ಚೆಚೀಲಿಯಾ ಸಂಗೀತ ಶಾಲೆಯಲ್ಲಿ ಗೊಫ್ರೇದೊ ಪೆತ್ರಾಸಿಯ ಕೈಕೆಳಗೆ ಸ್ವರ ಸಂಯೋಜನೆ ಅಭ್ಯಾಸ ಮಾಡಿದವರು. ಹಾಲಿವುಡ್ಡಿನ ವೆಸ್ಟರ್ನ್ ಚಿತ್ರಗಳಂತೆ ದೊಡ್ಡ ವಾದ್ಯವೃಂದ ಕೂರಿಸುವಷ್ಟು ಹಣ ಅವರಿಗಿರಲಿಲ್ಲ. ಅಲೆಸ್ಸಾಂಡ್ರೊ ಅಲೆಸ್ಸಾಂಡ್ರೋನಿಯ ಶಿಳ್ಳೆ ಮತ್ತು ಗಿಟಾರು, ಚಾವಟಿಯ ಛಟಾರು, ಗಂಟೆಯ ಸದ್ದು, ಕೊಳಲಿನ ಒಂದು ಎಳೆ, ಇಷ್ಟರಲ್ಲೇ ಅವರು ಹೊಸ ಭಾಷೆ ಕಟ್ಟಿದರು. ಪ್ರತಿಯೊಂದು ಸದ್ದೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಎರಡು ಸದ್ದುಗಳ ನಡುವೆ ಬಯಲಿನಷ್ಟು ಜಾಗವಿದೆ. ಆ ಜಾಗದಲ್ಲೇ ನೋಡುವವನ ಭಯ ಬೆಳೆಯುತ್ತದೆ.

ಮರುವರ್ಷ ಬಂದ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಚಿತ್ರದ ಕಿಸೆಗಡಿಯಾರವನ್ನು ಹತ್ತಿರದಿಂದ ನೋಡಬೇಕು. ಇಂಡಿಯೊ ಎಂಬ ದರೋಡೆಕೋರ ಎದುರಾಳಿಯನ್ನು ನಿಲ್ಲಿಸಿ ಗಡಿಯಾರದ ಮುಚ್ಚಳ ತೆರೆಯುತ್ತಾನೆ. ಅದರೊಳಗಿಂದ ಮಕ್ಕಳ ಆಟಿಕೆಯಂಥ ಸಣ್ಣ ರಾಗ ಹೊರಡುತ್ತದೆ. ಅವನ ನಿಯಮ ಒಂದೇ: ರಾಗ ನಿಂತ ಮೇಲೆ ಬಂದೂಕಿಗೆ ಕೈ ಹಾಕಬೇಕು. ಗಡಿಯಾರದ ಸದ್ದಿನ ಸುತ್ತ ವಾದ್ಯವೃಂದ ಏಳುತ್ತದೆ, ಮತ್ತೆ ಇಳಿಯುತ್ತದೆ, ಕೊನೆಗೆ ಆ ಸಣ್ಣ ರಾಗವೊಂದೇ ಉಳಿದು, ಸ್ಪ್ರಿಂಗು ಸಡಿಲವಾದಂತೆ ನಿಧಾನವಾಗಿ, ಒಂದೊಂದೇ ಸ್ವರವಾಗಿ ಕರಗುತ್ತದೆ. ಆ ಹೊತ್ತಿನಲ್ಲಿ ಥಿಯೇಟರಿನಲ್ಲಿ ಉಸಿರಾಡುವುದೂ ಕಷ್ಟ. ಚಿತ್ರದ ಕೊನೆಯಲ್ಲಿ ನಮಗೆ ತಿಳಿಯುವುದೇನೆಂದರೆ, ಅಂಥದೇ ಇನ್ನೊಂದು ಗಡಿಯಾರ ಕರ್ನಲ್ ಮಾರ್ಟಿಮರ್ ಹತ್ತಿರವೂ ಇದೆ. ಇಂಡಿಯೊನ ಕೈಯಲ್ಲಿರುವುದು ಮಾರ್ಟಿಮರನ ತಂಗಿಯದು. ಇಂಡಿಯೊ ಅವಳ ಮೇಲೆ ಬಿದ್ದಾಗ ಅವಳು ತನ್ನನ್ನೇ ಗುಂಡಿಕ್ಕಿಕೊಂಡು ಸತ್ತಿದ್ದಳು. ಅಲ್ಲಿಯವರೆಗೆ ನಾವು ಕೇಳಿದ ರಾಗ ಕೊಲೆಗಾರನದೂ ಅಲ್ಲ, ಸೇಡು ತೀರಿಸುವವನದೂ ಅಲ್ಲ. ಅದು ಸತ್ತ ಹೆಣ್ಣಿನದು. ಸಂಗೀತ ಅವಳ ಪರವಾಗಿ ಸಾಕ್ಷಿ ನುಡಿಯುತ್ತಿತ್ತು.

ಈಗ ನಮ್ಮಲ್ಲಿ ನಡೆಯುತ್ತಿರುವುದನ್ನು ಇದರ ಪಕ್ಕದಲ್ಲಿಡಿ. ನಾಯಕ ಜೀಪಿನಿಂದ ಕಾಲು ಕೆಳಗಿಡುವ ಮೊದಲೇ ನಗಾರಿ, ಅವನ ಚಪ್ಪಲಿಗೆ ಒಂದು ಬಡಿತ, ಮೀಸೆಗೆ ಇನ್ನೊಂದು, ಸಿಗರೇಟಿಗೆ ಮತ್ತೊಂದು. ಮೊದಲ ಏಟಿಗೆ ಎಷ್ಟು ಸದ್ದೋ ಇಪ್ಪತ್ತನೇ ಏಟಿಗೂ ಅಷ್ಟೇ ಸದ್ದು. ಸಂಗೀತ ನಿಂತ ಮೇಲೆ ಗುಂಡು ಹಾರುವುದು ಲಿಯೋನೆಯ ನಿಯಮ. ಗುಂಡು, ಡೈಲಾಗು, ಸಂಗೀತ, ಗುಂಪಿನ ಕೂಗು ಎಲ್ಲವೂ ಒಂದೇ ಉಸಿರಿಗೆ ಕಿವಿಗೆ ಅಪ್ಪಳಿಸುವುದು ನಮ್ಮ ನಿಯಮ. ಇವೆರಡನ್ನೂ ಒಂದೇ ವಂಶಕ್ಕೆ ಸೇರಿಸುವುದು ಕಿವಿಗೆ ಮಾಡುವ ದ್ರೋಹ.

‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ (1966) ಚಿತ್ರದ ಆ ಊಳಿಡುವಂಥ ರಾಗವನ್ನು ಇಂದು ನಾಯಕನ ಹೆಜ್ಜೆಯ ಗುರುತು ಎಂದೇ ಬಳಸುತ್ತಾರೆ. ಆದರೆ ಮೊರಿಕೋನೆ ಆ ರಾಗವನ್ನು ಒಬ್ಬನಿಗೆ ಬರೆದುಕೊಡಲಿಲ್ಲ. ಒಳ್ಳೆಯವನಿಗೆ ಕೊಳಲಿನಲ್ಲಿ, ಕೆಟ್ಟವನಿಗೆ ಒಕರೀನಾ ಎಂಬ ಮಣ್ಣಿನ ಊದುವಾದ್ಯದಲ್ಲಿ, ಮೂರನೆಯವನಿಗೆ ಮನುಷ್ಯರ ದನಿಯಲ್ಲಿ, ಮೂವರಿಗೂ ಅದೇ ಸ್ವರಗಳು. ದುಡ್ಡಿನ ಆಸೆ ಮೂವರಲ್ಲೂ ಒಂದೇ ಎಂದು ಚಿತ್ರದ ಮಾತುಗಳಿಗಿಂತ ಮೊದಲು ಸಂಗೀತ ಹೇಳಿಬಿಡುತ್ತದೆ. ನಾಯಕನಿಗೊಂದು ರಾಗ, ಖಳನಿಗೊಂದು ಗುಡುಗು ಎಂದು ಹಂಚಿಕೊಡುವ ನಮ್ಮ ಪದ್ಧತಿಗೆ ಈ ಚಿತ್ರವನ್ನು ಪ್ರಮಾಣವಾಗಿ ತೋರಿಸುವವರು ಅದನ್ನು ಕೇಳಿಲ್ಲ, ಬರೀ ರಿಂಗ್‌ಟೋನ್ ಮಾಡಿಕೊಂಡಿದ್ದಾರೆ.

ಅದೇ ಚಿತ್ರದಲ್ಲಿ ಯುದ್ಧಕೈದಿಗಳ ಶಿಬಿರದ ದೃಶ್ಯವೊಂದಿದೆ. ಒಳಗೆ ಕೋಣೆಯಲ್ಲಿ ಆ ಮೂರನೆಯವನಾದ ಟುಕೊನನ್ನು ಬಡಿದು ಬಾಯಿ ಬಿಡಿಸುತ್ತಿದ್ದಾರೆ. ಅವನ ಕೂಗು ಹೊರಗೆ ಕೇಳಬಾರದೆಂದು ಶಿಬಿರದ ಸಾರ್ಜೆಂಟ್ ಕೈದಿಗಳ ವಾದ್ಯತಂಡವನ್ನು ಅಂಗಳದಲ್ಲಿ ನಿಲ್ಲಿಸಿ ಹಾಡಿಸುತ್ತಾನೆ. ಹಾಡು ಇಂಪಾಗಿದೆ, ನುಡಿಸುವವರ ಕಣ್ಣು ಒದ್ದೆಯಾಗಿದೆ, ಯಾಕೆಂದರೆ ತಾವು ಯಾವ ಸದ್ದನ್ನು ಮುಚ್ಚುತ್ತಿದ್ದೇವೆ ಎಂಬುದು ಅವರಿಗೆ ಗೊತ್ತು. ಸಂಗೀತ ಹಿಂಸೆಗೆ ಹೊದಿಕೆಯಾದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರ ನನಗೆ ಗೊತ್ತಿಲ್ಲ. ಇಂದಿನ ನಮ್ಮ ಹೊಡೆದಾಟದ ಚಿತ್ರಗಳಲ್ಲಿ ಮಚ್ಚು ಬೀಸಿದಾಗ, ಮೂಳೆ ಮುರಿದಾಗ, ಯಾರದೋ ಮಗ ನೆಲಕ್ಕೆ ಬಿದ್ದಾಗ ನೋವಿನ ಸದ್ದು ನಮಗೆ ಕೇಳುವುದಿಲ್ಲ. ಕೇಳುವುದು ಜೈಕಾರದ ಸಂಗೀತ. ಆ ಶಿಬಿರದ ಸಾರ್ಜೆಂಟನ ಚಾಕರಿಯನ್ನು ನಮ್ಮ ಹಿನ್ನೆಲೆ ಸಂಗೀತ ಮಾಡುತ್ತಿದೆ. ನನ್ನ ಸಿಟ್ಟೆಲ್ಲ ಇಲ್ಲಿದೆ. ಇದು ಬರೀ ಅಭಿರುಚಿಯ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಶುರುವಾಗುವುದು ರೈಲು ನಿಲ್ದಾಣದಲ್ಲಿ. ಮೂವರು ಬಂದೂಕುಧಾರಿಗಳು ರೈಲಿಗೆ ಕಾಯುತ್ತಿದ್ದಾರೆ. ಎಣ್ಣೆ ಕಾಣದ ಗಾಳಿಯಂತ್ರ ಕಿರುಗುಟ್ಟುತ್ತದೆ, ಒಬ್ಬನ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ, ನೊಣವೊಂದು ಇನ್ನೊಬ್ಬನ ಮುಖದ ಮೇಲೆ ಹರಿದಾಡುತ್ತದೆ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ವಾದ್ಯದ ಸದ್ದೇ ಇಲ್ಲ. ಹೋಗಬೇಕಾದ ರೈಲು ಹೋದ ಮೇಲೆ, ಹಳಿಯ ಆಚೆಯಿಂದ ಬರುವ ಮೌತ್‌ಆರ್ಗನ್ನಿನ ನರಳುವ ಸ್ವರವೇ ನಾಯಕನ ಎಂಟ್ರಿ. ಜಗತ್ತಿನ ಸಿನಿಮಾದ ದೊಡ್ಡ ಎಂಟ್ರಿಗಳಲ್ಲಿ ಒಂದಾದ ಇದರಲ್ಲಿ ಒಂದೂ ನಗಾರಿಯಿಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರು–ಹಾಸನದ ಕಡೆಯ ಮಾರ್ಗ ಬಂದು ಸೇರುವ ಅರಸೀಕೆರೆ ಜಂಕ್ಷನ್ನಿನಲ್ಲಿ ರಾತ್ರಿ ರೈಲಿಗೆ ಕಾದ ಯಾರಿಗೇ ಆದರೂ ಈ ದೃಶ್ಯ ಪರದೇಶದ್ದು ಅನ್ನಿಸದು. ನಲ್ಲಿಯ ತೊಟ್ಟಿಕ್ಕು, ಸಾಮಾನಿನ ಗಾಡಿಯ ಚಕ್ರದ ಕೀರಲು, ದೂರದಲ್ಲಿ ಎಂಜಿನ್ನಿನ ಹಾರನ್, ಎಲ್ಲವೂ ಇಲ್ಲಿವೆ. ಇವುಗಳಿಂದ ಒಂದು ದೃಶ್ಯ ಕಟ್ಟಬಹುದೆಂದು ನಮ್ಮ ನಿರ್ದೇಶಕರಿಗೆ ಮಾತ್ರ ಹೊಳೆಯುವುದಿಲ್ಲ.

ಆ ಮೌತ್‌ಆರ್ಗನ್ನಿನ ಗುಟ್ಟು ಬಿಚ್ಚುವುದು ಕೊನೆಯಲ್ಲಿ. ಅಣ್ಣನ ಕೊರಳಿಗೆ ನೇಣು ಬಿಗಿದು, ಅವನನ್ನು ತಮ್ಮನ ಹೆಗಲ ಮೇಲೆ ನಿಲ್ಲಿಸಿ, ಆ ಹುಡುಗನ ಬಾಯಿಗೆ ಖಳ ತುರುಕಿದ ವಾದ್ಯ ಅದು. ಇಡೀ ಚಿತ್ರದಲ್ಲಿ ನಾವು ಕೇಳಿದ್ದು ನಾಯಕನ ಜಂಬವನ್ನಲ್ಲ, ಅವನ ಗಾಯವನ್ನು. ಈ ಸಂಗೀತವನ್ನು ಮೊರಿಕೋನೆ ಚಿತ್ರೀಕರಣಕ್ಕೆ ಮೊದಲೇ ರಚಿಸಿದ್ದರು. ಸೆಟ್ಟಿನಲ್ಲಿ ಅದನ್ನು ನುಡಿಸಿ, ಅದರ ನಡೆಗೆ ತಕ್ಕಂತೆ ನಟರನ್ನೂ ಕ್ಯಾಮೆರಾವನ್ನೂ ನಡೆಸಲಾಯಿತು. ನಮ್ಮಲ್ಲಿ ಅನೇಕ ವೇಳೆ ಆಗುವುದು ಉಲ್ಟಾ: ಬಿಡುಗಡೆಯ ದಿನಾಂಕ ಗೊತ್ತಾದ ಮೇಲೆ ಉಳಿದ ಕೆಲವೇ ದಿನಗಳಲ್ಲಿ ಸಂಗೀತಗಾರನ ಕೈಗೆ ಎಡಿಟ್ ಆದ ರೀಲುಗಳು ಬಂದು ಬೀಳುತ್ತವೆ. ಸೊರಗಿದ ದೃಶ್ಯವನ್ನು ಸದ್ದಿನಿಂದ ಎತ್ತಿ ನಿಲ್ಲಿಸು ಎಂದು ಅವನಿಗೆ ಹೇಳಲಾಗುತ್ತದೆ. ತಪ್ಪು ಅವನೊಬ್ಬನದಲ್ಲ.

ಇಟಲಿಯ ಈ ಪಾಠವನ್ನು ಅರ್ಥಮಾಡಿಕೊಂಡವರು ನಮ್ಮ ನೆಲದಲ್ಲೇ ಇದ್ದರು. 1975ರ ‘ಶೋಲೆ’ ಚಿತ್ರದ ಊರು ಎದ್ದದ್ದು ರಾಮನಗರದ ಬಂಡೆಗಳ ಬುಡದಲ್ಲಿ. ಆರ್.ಡಿ. ಬರ್ಮನ್ ಲಿಯೋನೆಯ ಚಿತ್ರಗಳಿಗೆ ಋಣಿ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅವರು ಋಣ ತೀರಿಸಿದ ಬಗೆ ನೋಡಿ. ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ದೃಶ್ಯದಲ್ಲಿ ಮನಸ್ಸಿನಲ್ಲಿ ಉಳಿಯುವ ಸದ್ದು ಜೋಕಾಲಿಯ ಕಿರುಗುಟ್ಟು. ಭಾನು ಗುಪ್ತ ನುಡಿಸಿದ ಮೌತ್‌ಆರ್ಗನ್ನು ಕತ್ತಲಲ್ಲಿ ಜಯ್ ಕೂತ ಜಗಲಿಯಿಂದ ಹೊರಟು, ಒಂದೊಂದೇ ದೀಪ ಆರಿಸುತ್ತಿರುವ ವಿಧವೆ ರಾಧಾಳನ್ನು ಮುಟ್ಟುತ್ತದೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಅಲ್ಲಿ ಸೇಡಿನ ಗುರುತಾಗಿದ್ದ ವಾದ್ಯ ಇಲ್ಲಿ ಹೇಳಲಾಗದ ಪ್ರೀತಿಯ ಗುರುತಾಯಿತು. ಶಿಷ್ಯತನ ಅಂದರೆ ಇದು. ರಾಮನಗರದಲ್ಲಿ ಐವತ್ತು ವರ್ಷದ ಹಿಂದೆ ಸಾಧ್ಯವಾದದ್ದು ಇಂದು ಅಸಾಧ್ಯವೆಂದು ಯಾರಾದರೂ ಹೇಳಿದರೆ ಒಪ್ಪಲು ಆಗುವುದಿಲ್ಲ.

ಈಗ ಎದುರು ಪಕ್ಷದ ಬಲವಾದ ವಾದಕ್ಕೆ ಬರೋಣ. ‘ನಮ್ಮ ಜನಕ್ಕೆ ಸದ್ದೇ ಬೇಕು. ತಮಟೆ, ನಗಾರಿ, ಡೊಳ್ಳು ಕೇಳಿ ಬೆಳೆದವರು ಇವರು. ಮೌನ ಪೇಟೆಯ ಓದಿದವರ ಶೋಕಿ’ ಎನ್ನುತ್ತಾರೆ. ಜನಪರವಾಗಿ ಕಾಣುವ ಈ ಮಾತು ಜನರಿಗೆ ಮಾಡುವ ಅವಮಾನ. ಇದನ್ನು ಹೇಳುವವರು ನಮ್ಮ ಅರಸೀಕೆರೆ ತಾಲ್ಲೂಕಿಗೆ ಬಂದು ವೀರಗಾಸೆ ನೋಡಲಿ.

ವೀರಭದ್ರನ ಉತ್ಸವದಲ್ಲಿ ಕರಡೆ, ಸಂಬಾಳ, ತಾಳಗಳ ಅಬ್ಬರ ಊರಿಗೆಲ್ಲ ಕೇಳುತ್ತದೆ, ನಿಜ. ಆದರೆ ಒಡಪು ಹೇಳುವವನು ಕತ್ತಿ ಎತ್ತಿದ ಕ್ಷಣದಲ್ಲಿ ಅಷ್ಟೂ ವಾದ್ಯ ಒಟ್ಟಿಗೆ ನಿಲ್ಲುತ್ತದೆ. ಬೀದಿಯಲ್ಲಿ ಅವನ ಗಂಟಲೊಂದೇ ಉಳಿಯುತ್ತದೆ. ದಕ್ಷಯಜ್ಞದ ಕಥೆಯ ಒಂದು ತುಂಡನ್ನು ಅವನು ಏರುದನಿಯಲ್ಲಿ ಹೇಳಿ ನಿಲ್ಲಿಸುತ್ತಾನೆ, ವಾದ್ಯ ಒಂದು ಮುಕ್ತಾಯ ಕೊಟ್ಟು ಮತ್ತೆ ಸುಮ್ಮನಾಗುತ್ತದೆ. ಒಡಪು ಪೂರ್ತಿ ಮುಗಿದ ಮೇಲೆಯೇ ಕುಣಿತ. ಆ ನಿಲುಗಡೆಯಿಲ್ಲದಿದ್ದರೆ ಮುಂದಿನ ಬಡಿತಕ್ಕೆ ಮೈ ನವಿರೇಳುವುದಿಲ್ಲ ಎಂಬುದು ಕರಡೆ ಬಡಿಯುವವನಿಗೆ ಗೊತ್ತು. ಕೋಟಿಗಟ್ಟಲೆ ಸುರಿಯುವ ಸಿನಿಮಾಕ್ಕೆ ಗೊತ್ತಿಲ್ಲ.

ಈ ಸೀಮೆಯ ಮೂಡಲಪಾಯ ಬಯಲಾಟವೂ ಇದನ್ನೇ ಹೇಳುತ್ತದೆ. ಪಾತ್ರಧಾರಿ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ. ಕಿರೀಟದ ತುದಿ ಕಾಣುತ್ತದೆ, ಗೆಜ್ಜೆಯ ಸದ್ದು ಕೇಳುತ್ತದೆ, ಮುಖವೀಣೆ ಮತ್ತು ಮದ್ದಳೆ ಆಸೆ ಹುಟ್ಟಿಸುತ್ತವೆ. ಮುಖ ಮಾತ್ರ ಕಾಣದು. ತೆರೆ ಸರಿಯುವ ಹೊತ್ತಿಗೆ ನೋಡುವವರು ತಾವಾಗಿ ಮುಂದಕ್ಕೆ ಬಾಗಿರುತ್ತಾರೆ. ರಾತ್ರಿಯಿಡೀ ಕೂತು ಆಟ ನೋಡಿದ ಈ ರೈತಾಪಿ ಜನಕ್ಕೆ ಕಾಯುವ ತಾಳ್ಮೆ ಇಲ್ಲವೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಇನ್ನು ವೀರತ್ವದ ಮಾತು. ನಾಯಕನನ್ನು ಮೆರೆಸುವುದು ನಮ್ಮ ಸಂಸ್ಕೃತಿಯಲ್ಲೇ ಇದೆ, ಅದಕ್ಕೇ ಈ ‘ಎಲಿವೇಷನ್’ ಎನ್ನುವವರಿದ್ದಾರೆ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಕೆರೆ ಏರಿಗಳಲ್ಲಿ, ಗುಡಿಯಂಗಳಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಅವರು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಬೇಕು. ದನ ಹೊಡೆದುಕೊಂಡು ಹೋಗುವ ಕಳ್ಳರು, ಅವರನ್ನು ಅಡ್ಡಗಟ್ಟುವ ಒಬ್ಬ ಬಿಲ್ಲುಗಾರ, ಪಕ್ಕದಲ್ಲಿ ಕೊಂಬು ಎತ್ತಿದ ಹಸುಗಳ ಸಾಲು. ತುರುಗೊಳ್ ಕಾಳಗದ ಈ ಕಲ್ಲುಗಳಿಗಿಂತ ಒಳ್ಳೆಯ ವೆಸ್ಟರ್ನ್ ಕಥೆ ಯಾವ ದೇಶದಲ್ಲಿದೆ? ಕೆಳಗಿನ ಪಟ್ಟಿಕೆಯಲ್ಲಿ ಅವನು ಹೋರಾಡುತ್ತಾನೆ, ಬೀಳುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯಚಂದ್ರರು. ಶಿಲ್ಪಿ ವೀರನನ್ನು ಎತ್ತಿದ್ದಾನೆ, ಆದರೆ ಅವನು ಊರಿನ ದನಕ್ಕಾಗಿ ಜೀವ ಕೊಟ್ಟ ಮೇಲೆ. ಏನೂ ಮಾಡದೆ ಬರೀ ನಡೆದು ಬಂದವನಿಗೆ ಇಲ್ಲಿ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ಕೂಡ ಹಗೆಯಲ್ಲೇ ಬೆಂದ ಊರಿನ ಕಥೆ. ಅದು ಮುಗಿಯುವುದು ಹಗೆ ಕರಗುವುದರಲ್ಲಿ. ಜನ ಅದನ್ನು ಎದೆಗೆ ಹಚ್ಚಿಕೊಂಡರು.

ಎರಡನೇ ಆಕ್ಷೇಪ ಇದು: ಮೊರಿಕೋನೆ ಕೂಡ ಅಬ್ಬರ ಮಾಡಿಲ್ಲವೇ? ಮಾಡಿದ್ದಾರೆ. ಸ್ಮಶಾನದಲ್ಲಿ ಟುಕೊ ಹೂತಿಟ್ಟ ಚಿನ್ನಕ್ಕಾಗಿ ಸಮಾಧಿಗಳ ನಡುವೆ ಓಡುವಾಗ ಎದ್ದಾ ದೆಲ್ಲೋರ್ಸೊ ಅವರ ಕಂಠ ಮತ್ತು ಇಡೀ ವಾದ್ಯವೃಂದ ಆಕಾಶ ಮುಟ್ಟುತ್ತವೆ. ಆದರೆ ಆ ದೃಶ್ಯ ಬರುವುದು ಚಿತ್ರದ ಕೊನೆಯಲ್ಲಿ, ಎರಡು ಗಂಟೆಗೂ ಮಿಕ್ಕ ಹಸಿವು, ಮೋಸ, ಯುದ್ಧಗಳನ್ನು ದಾಟಿದ ಮೇಲೆ. ನಂತರದ ಮೂವರ ಕಾಳಗದಲ್ಲಿ ತುತ್ತೂರಿ ಎಷ್ಟೇ ಏರಿದರೂ ಗುಂಡು ಹಾರುವುದು ಅದು ಮುಗಿದ ಮೇಲೆ. ಜೋರು ಸಂಗೀತಕ್ಕೆ ನನ್ನ ವಿರೋಧವಿಲ್ಲ. ಜೋರಿಗೊಂದು ಹೊತ್ತಿದೆ, ಆ ಹೊತ್ತನ್ನು ದುಡಿದು ಸಂಪಾದಿಸಬೇಕು.

ಇದರಲ್ಲಿ ಕಿವಿಯ ಸರಳ ಲೆಕ್ಕವೂ ಇದೆ. ನಮ್ಮ ಕಿವಿ ಸದ್ದನ್ನು ಅಳೆಯುವುದು ಅದರ ಹಿಂದೆ ಕೇಳಿದ್ದಕ್ಕೆ ಹೋಲಿಸಿ. ಡಿಜಿಟಲ್ ಧ್ವನಿಗೆ ಮೇಲೆ ಒಂದು ಮಿತಿಯಿದೆ, ಅದರಾಚೆ ಏರಿಸಲು ಬರುವುದಿಲ್ಲ. ಮೊದಲ ದೃಶ್ಯದಲ್ಲೇ ಆ ಮಿತಿಗೆ ತಂದು ನಿಲ್ಲಿಸಿದರೆ ಕೊನೆಯ ದೃಶ್ಯಕ್ಕೆ ಕೊಡಲು ಏನೂ ಉಳಿದಿರುವುದಿಲ್ಲ. ಥಿಯೇಟರಿನವರು ಜನರ ಕಿವಿ ಉಳಿಸಲು ಒಟ್ಟು ಧ್ವನಿಯನ್ನೇ ತಗ್ಗಿಸಿದರೆ ಮಾತು ಕೇಳುವುದಿಲ್ಲ. ಕನ್ನಡ ಸಿನಿಮಾದಲ್ಲಿ ಕನ್ನಡವೇ ಕೇಳಿಸದ ಸ್ಥಿತಿಯನ್ನು ನಾವು ಹಣ ಕೊಟ್ಟು ಕೊಳ್ಳುತ್ತಿದ್ದೇವೆ.

ಮೂರನೆಯದು ಮೊಬೈಲಿನ ವಾದ: ಒಂದು ನಿಮಿಷ ಸುಮ್ಮನಿದ್ದರೆ ಜನ ಫೋನು ತೆಗೆಯುತ್ತಾರಂತೆ. ಎಡೆಬಿಡದ ಬಡಿತದಲ್ಲೂ ಅವರು ಫೋನು ತೆಗೆಯುತ್ತಲೇ ಇದ್ದಾರೆ. ಎಂಟ್ರಿಯನ್ನು ರೆಕಾರ್ಡ್ ಮಾಡಿಕೊಂಡು ಮಿಕ್ಕದ್ದನ್ನು ಬಿಡುತ್ತಿದ್ದಾರೆ. ಮುಂದೇನಾಗುತ್ತದೋ ಎಂಬ ದಿಗಿಲು ಹುಟ್ಟಿಸಿದ ಮೌನದಲ್ಲಿ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ಜನರ ಗಮನ ಚೆದುರಿದೆ ಎಂದು ದೂರುವವರೇ ಗಮನ ಕೇಳುವ ಸಂಗೀತವನ್ನು ಕೊಡುವುದು ನಿಲ್ಲಿಸಿದ್ದಾರೆ.

ಹಣವಿಲ್ಲ ಎಂಬ ನೆಪವಂತೂ ನಿಲ್ಲುವುದೇ ಇಲ್ಲ. ಮೊರಿಕೋನೆ ಸಿಸಿಲಿಯ ಹಳ್ಳಿಗರು ಬಾಯಲ್ಲಿಟ್ಟು ಮೀಟುವ ಕಬ್ಬಿಣದ ಸಣ್ಣ ವಾದ್ಯವನ್ನು ತಂದು ಜಗತ್ತಿಗೆ ಕೇಳಿಸಿದರು. ಅದು ನಮ್ಮ ಮೋರ್ಚಿಂಗ್‌ನ ಒಡಹುಟ್ಟು. ಎಲ್. ಭೀಮಾಚಾರ್ ಅವರಂಥ ವಿದ್ವಾಂಸರು ಕರ್ನಾಟಕದಲ್ಲಿ ಅದಕ್ಕೆ ಕಛೇರಿಯ ಗೌರವ ತಂದುಕೊಟ್ಟಿದ್ದಾರೆ. ನಮ್ಮ ಮುಖವೀಣೆ, ಕರಡೆ, ಸಂಬಾಳ ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿವೆ, ನುಡಿಸುವವರು ಬದುಕಿದ್ದಾರೆ. ಅವರನ್ನು ಬಿಟ್ಟು, ಎಲ್ಲ ದೇಶದವರೂ ಕೊಳ್ಳುವ ಒಂದೇ ಕಂಪ್ಯೂಟರ್ ಸದ್ದಿನ ಭಂಡಾರದಿಂದ ಅದೇ ಡ್ರಮ್ಮು, ಅದೇ ಹೂಂಕಾರ ಎತ್ತಿ ಹಾಕುತ್ತೇವೆ. ಆಮೇಲೆ ಅದಕ್ಕೆ ನಮ್ಮ ಮಣ್ಣಿನ ಸೊಗಡು ಎಂದು ಹೆಸರಿಡುತ್ತೇವೆ.

ಹಾಗಾಗಿ ನಾನು ಕೇಳುವುದು ಕೆಲವು ನಿರ್ದಿಷ್ಟ ಸಂಗತಿಗಳನ್ನು. ನಿರ್ದೇಶಕರು ಚಿತ್ರಕಥೆ ಬರೆಯುವಾಗಲೇ ಸಂಗೀತಗಾರರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಕೊಲೆಯ ದೃಶ್ಯದಲ್ಲಿ ಸಾಯುವವನ ಸದ್ದನ್ನು ಸಂಗೀತದಿಂದ ಮುಚ್ಚದಿರಲಿ. ಒಂದು ರಾಗವನ್ನು ನಾಯಕನ ನಡಿಗೆಗೆ ಅಂಟಿಸುವ ಮೊದಲು ಅದು ಯಾರ ನೋವಿನ, ಯಾರ ನೆನಪಿನ ರಾಗ ಎಂದು ಕೇಳಿಕೊಳ್ಳಲಿ. ವಿಮರ್ಶಕರು ‘ಬಿಜಿಎಂ ಭರ್ಜರಿ’ ಎಂದು ಬರೆದು ಕೈತೊಳೆದುಕೊಳ್ಳುವುದನ್ನು ಬಿಡಲಿ; ಸಂಗೀತ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಬರೆಯಲಿ. ನೋಡುವ ನಾವು ಕೂಡ ಕಿವಿ ನೋಯಿಸಿದ್ದನ್ನೆಲ್ಲ ಮೆಚ್ಚಬೇಕೆಂಬ ಹಂಗಿನಿಂದ ಹೊರಬರೋಣ.

ಎನ್ನಿಯೊ ಮೊರಿಕೋನೆ 2020ರ ಜುಲೈ 6ರಂದು ತೀರಿಕೊಂಡಾಗ ನಮ್ಮ ಚಿತ್ರರಂಗದ ಅನೇಕರು ಅವರನ್ನು ಗುರು ಎಂದು ಕರೆದರು. ಗುರುವಿಗೆ ಸಲ್ಲಿಸಬೇಕಾದ ಕಾಣಿಕೆ ಅವರ ಶಿಳ್ಳೆಯ ನಕಲಲ್ಲ. ಒಡಪಿನ ಮುಂದೆ ಕರಡೆಯನ್ನು ಸುಮ್ಮನಿರಿಸಬಲ್ಲ ಜನ ನಾವು. ಅಂಥ ಧೈರ್ಯ ಸಿನಿಮಾಕ್ಕೂ ಬರಲಿ. ಬಾರದಿದ್ದರೆ, ಇಟಲಿಯ ಹೆಸರು ಹೇಳಿಕೊಂಡು ಗದ್ದಲ ಮಾರುವ ಹಕ್ಕು ನಮ್ಮ ಸಿನಿಮಾಕ್ಕಿಲ್ಲ.